ಜಾತ್ರೆಯ ಮೆರವಣಿಗೆಗೂ ಗರ್ಭಗುಡಿಯ ಸೇವೆಗೂ ಒಂದೇ ಮೌತ್‌ಪೀಸ್ ಸಾಕೇ?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನವನು. ತಂದೆಯವರು ನಾಗಸ್ವರ ವಾದಕರು. ನಾನು ನಾಲ್ಕು ವರ್ಷಗಳಿಂದ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದೇನೆ. ವಾದ್ಯವನ್ನು ಹಳೆಯದನ್ನೇ ಕೊಂಡದ್ದು. ಅದರ ಜೊತೆಗೆ ಬಂದ ಹೆಸರಿಲ್ಲದ ಪ್ಲಾಸ್ಟಿಕ್ ಮೌತ್‌ಪೀಸನ್ನೇ ಈಗಲೂ ಬಳಸುತ್ತಿದ್ದೇನೆ, ಅದಕ್ಕೆ ಮೂರು ನಂಬರಿನ ಗಡುಸಿನ ರೀಡ್ (ಊದಿದಾಗ ಮಿಡಿಯುವ ತೆಳು ಪಟ್ಟಿ) ಹಾಕುತ್ತೇನೆ. ಎಡಗೈಯ ಮೂರು ಬೆರಳಿನ ಸ್ವರವನ್ನು ಷಡ್ಜ ಮಾಡಿಕೊಂಡಿದ್ದೇನೆ. ತಾರಸ್ಥಾಯಿಗೆ ಹೋದಾಗ ಶ್ರುತಿ ಏರುತ್ತದೆ, ಮಂದ್ರದ ಪಂಚಮ ಮತ್ತು ಮಧ್ಯಮ ಸರಿಯಾಗಿ ಹೊರಡದೆ ಗುಳುಗುಳು ಎನ್ನುತ್ತವೆ, ಅರ್ಧ ಗಂಟೆಯಲ್ಲಿ ಕೆಳದುಟಿ ನೋಯುತ್ತದೆ. ರಥೋತ್ಸವದ ಮೆರವಣಿಗೆಯಲ್ಲಿ ಡೋಲಿನ ಮುಂದೆ ನನ್ನ ವಾದ್ಯ ಕೇಳಿಸುವುದೇ ಇಲ್ಲ. ಲೋಹದ, ಅಗಲ ಬಾಯಿಯ ಮೌತ್‌ಪೀಸ್ ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಜೊತೆಗಾರರು ಹೇಳುತ್ತಾರೆ. ಕೊಳ್ಳಬಹುದೇ?

ಉತ್ತರ: ಈಗಲೇ ಕೊಳ್ಳಬೇಡಿ ಎಂಬುದು ನನ್ನ ಮೊದಲ ಮಾತು. ನೀವು ಬರೆದಿರುವ ನಾಲ್ಕು ತೊಂದರೆಗಳಲ್ಲಿ ಒಂದು ಮೌತ್‌ಪೀಸಿನದ್ದೇ ಅಲ್ಲದಿರಬಹುದು. ಎರಡಕ್ಕೆ ಮೌತ್‌ಪೀಸಿಗಿಂತ ರೀಡು ಮತ್ತು ತುಟಿಯ ಹಿಡಿತ ಹೆಚ್ಚು ಕಾರಣ. ಉಳಿದ ಒಂದಕ್ಕೆ, ಅಂದರೆ ಮೆರವಣಿಗೆಯಲ್ಲಿ ಕೇಳಿಸದಿರುವುದಕ್ಕೆ, ಮೌತ್‌ಪೀಸ್ ಕಾರಣವಾಗಿದ್ದರೂ ಲೋಹವಾಗಲಿ ಅಗಲ ಬಾಯಿಯಾಗಲಿ ಅದಕ್ಕೆ ಮದ್ದಲ್ಲ.

ಮಂದ್ರದ ಸ್ವರಗಳಿಂದಲೇ ಆರಂಭಿಸೋಣ. ನಿಮ್ಮ ಷಡ್ಜಕ್ಕೆ ಮಂದ್ರ ಪಂಚಮವೆಂದರೆ ಎರಡೂ ಕೈಗಳ ಆರು ಬೆರಳುಗಳನ್ನು ಮುಚ್ಚಿದ ಸ್ವರ, ಮಧ್ಯಮವೆಂದರೆ ಅದರ ಮೇಲೆ ಬಲಗೈಯ ಕಿರುಬೆರಳಿನ ಕೀಲಿಯನ್ನೂ ಒತ್ತಿದ ಸ್ವರ. ಕೆಳಗೆ ಹೋದಷ್ಟೂ ಹೆಚ್ಚು ಪ್ಯಾಡುಗಳು, ಅಂದರೆ ತೂತುಗಳ ಮೇಲೆ ಕೂರುವ ಮೆತ್ತೆಗಳು, ಒಟ್ಟಿಗೆ ಮುಚ್ಚಬೇಕು. ಅವುಗಳಲ್ಲಿ ಒಂದೇ ಒಂದು ಕೂದಲೆಳೆಯಷ್ಟು ತೆರೆದಿದ್ದರೂ ಗಾಳಿ ಸೋರಿ ಸ್ವರ ಒಡೆಯುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಚರ್ಮದ ಪ್ಯಾಡು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ ಗಡುಸಾಗುತ್ತದೆ, ಉಪ್ಪುಗಾಳಿಗೆ ಉಕ್ಕಿನ ಸ್ಪ್ರಿಂಗು ತುಕ್ಕು ಹಿಡಿದು ಬಲ ಕಳೆದುಕೊಳ್ಳುತ್ತದೆ. ಹಳೆಯ ವಾದ್ಯವೆಂದಿದ್ದೀರಿ. ಕತ್ತಲೆ ಕೋಣೆಯಲ್ಲಿ ಸಣ್ಣ ಎಲ್‌ಇಡಿ ದೀಪದ ಸರವನ್ನು ವಾದ್ಯದೊಳಗೆ ಇಳಿಬಿಟ್ಟು, ಕೀಲಿಗಳನ್ನು ಹಗುರವಾಗಿ ಒತ್ತಿ ನೋಡಿ. ಪ್ಯಾಡಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಮೊದಲು ದುರಸ್ತಿಗೆ ಕೊಡಿ. ಸೋರುವ ವಾದ್ಯಕ್ಕೆ ಎಷ್ಟು ಬೆಲೆಯ ಮೌತ್‌ಪೀಸ್ ಹಾಕಿದರೂ ಒಡೆದ ಕೊಡಕ್ಕೆ ಬೆಳ್ಳಿಯ ಮುಚ್ಚಳ ಹಾಕಿದಂತೆಯೇ. ಬೆಳಕು ಕಾಣಿಸಲಿಲ್ಲವೆಂದರೆ ಮಾತ್ರ ಮುಂದೆ ಓದಿ.

ಈಗ ಶ್ರುತಿ ಏರುವ ವಿಷಯ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಮೌತ್‌ಪೀಸನ್ನು ವಾದ್ಯದಿಂದ ಬಿಡಿಸಿ, ರೀಡ್ ಕಟ್ಟಿ, ನೀವು ಮಧ್ಯಮ ಸ್ಥಾಯಿಯನ್ನು ನುಡಿಸುವ ರೀತಿಯಲ್ಲೇ ಊದಿ, ಫೋನಿನ ಟ್ಯೂನರಿನಲ್ಲಿ ಯಾವ ಸ್ವರ ತೋರಿಸುತ್ತದೆಂದು ನೋಡಿ. ಆಲ್ಟೊ ಮೌತ್‌ಪೀಸು ಒಂಟಿಯಾಗಿ 880 ಹರ್ಟ್ಸ್ ಸುಮಾರಿಗೆ, ಅಂದರೆ ಹಾರ್ಮೋನಿಯಮ್ಮಿನ ಲೆಕ್ಕದ ಬಿಳಿ ಆರರ ಸ್ವರಕ್ಕೆ, ನಿಲ್ಲುವುದು ಶಾಸ್ತ್ರೀಯ ರೀತಿಯ ಹಿಡಿತಕ್ಕೆ ಒಪ್ಪುವ ಮಟ್ಟ. ಮೌತ್‌ಪೀಸನ್ನು ನೆಕ್ ಎಂಬ ಮೇಲ್ತುದಿಯ ಬಾಗಿದ ಕೊಳವೆಗೆ ಮಾತ್ರ ಸಿಕ್ಕಿಸಿ ಊದಿದರೆ ಕಪ್ಪು ನಾಲ್ಕರ ಸುಮಾರಿಗೆ ಬರಬೇಕು. ಇದಕ್ಕಿಂತ ಒಂದು ಸ್ವರ ಮೇಲೆ ಹೋಗುತ್ತಿದ್ದರೆ ನೀವು ದವಡೆಯಿಂದ ಕಚ್ಚುತ್ತಿದ್ದೀರಿ ಎಂದು ತಿಳಿಯಿರಿ. ಕಚ್ಚಿದಾಗ ರೀಡು ಬಿಗಿಯಾಗಿ ಶ್ರುತಿ ಏರುತ್ತದೆ. ಆ ಏರಿಕೆ ಮಂದ್ರಕ್ಕಿಂತ ತಾರದಲ್ಲಿ ಹೆಚ್ಚು ಕಾಣಿಸುತ್ತದೆ. ಅದರಲ್ಲೂ ನಿಮ್ಮ ತಾರ ಪಂಚಮ ಎಡಗೈಯ ಅಂಗೈಯಿಂದ ಒತ್ತುವ ಕೀಲಿಯ ಸ್ವರ. ಆ ಸ್ವರ ಸ್ವಭಾವದಿಂದಲೇ ಮೇಲಕ್ಕೆ ಎಳೆಯುತ್ತದೆ. ತುಟಿ ನೋಯುವುದಕ್ಕೂ ಇದೇ ಕಾರಣವಾಗಿರಬೇಕು.

ನಾಗಸ್ವರದ ಮನೆಯಿಂದ ಬಂದವರಲ್ಲಿ ಈ ತೊಂದರೆಯನ್ನು ನಾನು ಪದೇ ಪದೇ ಕಂಡಿದ್ದೇನೆ, ಆದ್ದರಿಂದ ಒಂದೆರಡು ಮಾತು ಹೆಚ್ಚು ಬರೆಯುತ್ತೇನೆ. ನಾಗಸ್ವರದಲ್ಲಿ ಎರಡು ಎಲೆಗಳು ಒಂದನ್ನೊಂದು ಬಡಿಯುತ್ತವೆ, ಅವನ್ನು ತುಟಿಗಳು ಎರಡೂ ಕಡೆಯಿಂದ ಹಿಡಿಯುತ್ತವೆ. ಹಲ್ಲಿಗೆ ಅಲ್ಲಿ ಕೆಲಸವಿಲ್ಲ, ಗಾಳಿಯ ಒತ್ತಡವಂತೂ ಬಹಳ ಬೇಕು. ಸ್ಯಾಕ್ಸೊಫೋನಿನಲ್ಲಿ ಒಂದೇ ರೀಡು ಮೌತ್‌ಪೀಸಿನ ಅಂಚಿಗೆ ಬಡಿಯುತ್ತದೆ, ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತದೆ, ಕೆಳದುಟಿ ಮೆತ್ತೆಯಂತೆ ಮಾತ್ರ ಇರಬೇಕು. ನಾಗಸ್ವರದ ಒತ್ತಡವನ್ನು ರೂಢಿ ಮಾಡಿಕೊಂಡವರಿಗೆ ಸ್ಯಾಕ್ಸೊಫೋನು ಕೈಗೆ ಬಂದಾಗ ಗಾಳಿ ಹೆಚ್ಚಾಗಿ ಹರಿದುಹೋಗುವಂತೆ ಭಾಸವಾಗುತ್ತದೆ, ಅದನ್ನು ತಡೆಯಲು ಗಡುಸಾದ ರೀಡನ್ನು ಹುಡುಕುತ್ತಾರೆ, ಗಡುಸು ರೀಡನ್ನು ಮಿಡಿಸಲು ಕಚ್ಚುತ್ತಾರೆ, ಕಚ್ಚಿದರೆ ಶ್ರುತಿ ಏರುತ್ತದೆ, ಏರಿದ್ದನ್ನು ಇಳಿಸಲು ಮೌತ್‌ಪೀಸನ್ನು ಕಾರ್ಕಿನ ಮೇಲೆ ಹೊರಕ್ಕೆ ಎಳೆಯುತ್ತಾರೆ, ಎಳೆದಾಗ ಮಂದ್ರಕ್ಕೂ ತಾರಕ್ಕೂ ಇರುವ ಅಂತರವೇ ಕೆಡುತ್ತದೆ. ಆದರೆ ಅದೇ ಮನೆತನದ ಅಭ್ಯಾಸ ವರವೂ ಹೌದು. ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಆಲ್ಟೊ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದವರು. ಗಮಕವನ್ನು ಗಾಳಿಯಿಂದಲೂ ತುಟಿಯಿಂದಲೂ ರೂಪಿಸುವ ಕಿವಿ ನಾಗಸ್ವರದ ಮನೆಯಲ್ಲಿ ಎಳವೆಯಲ್ಲೇ ಸಿಗುತ್ತದೆ. ಆ ಕಿವಿ ನಿಮಗೂ ಇರುವುದರಿಂದ ಮೌತ್‌ಪೀಸನ್ನು ಆರಿಸುವಾಗ ಅದನ್ನೇ ಅಳತೆಗೋಲು ಮಾಡಿಕೊಳ್ಳಿ: ಜೋರಾಗಿ ಊದಿದಾಗ ಎಷ್ಟು ಸದ್ದು ಬರುತ್ತದೆ ಎಂಬುದಕ್ಕಿಂತ, ಮೆಲ್ಲಗೆ ಊದಿದಾಗ ಜಾರು ಮುರಿಯದೆ ಬರುತ್ತದೆಯೇ ಎಂಬುದನ್ನು ನೋಡಿ.

ಮೌತ್‌ಪೀಸಿನ ಅಂಗಗಳನ್ನು ತಿಳಿದರೆ ಅಂಗಡಿಯಲ್ಲಿ ಹೇಳುವ ಮಾತಿನಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂಬುದು ಗೊತ್ತಾಗುತ್ತದೆ. ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವೆ ಇರುವ ತೆರಪನ್ನು ಟಿಪ್ ಓಪನಿಂಗ್ ಎನ್ನುತ್ತಾರೆ. ನಿಮ್ಮ ಜೊತೆಗಾರರು 'ಅಗಲ ಬಾಯಿ' ಎನ್ನುವುದು ಇದನ್ನೇ. ಆಲ್ಟೊದಲ್ಲಿ ಯಮಹಾ 4ಸಿ ಎಂಬ ವಿದ್ಯಾರ್ಥಿ ಮೌತ್‌ಪೀಸಿನ ತೆರಪು 1.6 ಮಿಲಿಮೀಟರ್, ಸೆಲ್ಮರ್ ಎಸ್80 ಸಿ-ಸ್ಟಾರ್‌ನದು 1.7, ಮೇಯರ್ 5ರದು ಸುಮಾರು 1.8, ಮೇಯರ್ 6ರದು 1.9ಕ್ಕಿಂತ ತುಸು ಹೆಚ್ಚು. ಒಂದು ಕಂಪನಿಯ 5 ಇನ್ನೊಂದರ 5 ಅಲ್ಲ, ಆದ್ದರಿಂದ ಅಂಗಡಿಯವರು ನಂಬರು ಹೇಳಿದಾಗ ಮಿಲಿಮೀಟರಿನಲ್ಲಿ ಎಷ್ಟು ಎಂದು ಕೇಳಿ. ನೋಡಲು ಕೂದಲೆಳೆಯಷ್ಟೇ ವ್ಯತ್ಯಾಸ, ಆದರೆ ತುಟಿಗೆ ಅದು ಬೆಟ್ಟದಷ್ಟು. ತೆರಪು ಹೆಚ್ಚಾದಂತೆ ರೀಡು ಹೆಚ್ಚು ದೂರ ಬಾಗಿ ಮುಚ್ಚಬೇಕು; ಅದಕ್ಕೆ ಹೆಚ್ಚು ಗಾಳಿ ಬೇಕು, ಮೆದು ರೀಡು ಬೇಕು, ತುಟಿಯ ಸ್ನಾಯು ಹುರಿಗೊಂಡಿರಬೇಕು. ಇವು ಇದ್ದವರಿಗೆ ಅಗಲ ತೆರಪು ಸ್ವರವನ್ನು ಬಾಗಿಸುವ ಸ್ವಾತಂತ್ರ್ಯ ಕೊಡುತ್ತದೆ. ಇಲ್ಲದವರಿಗೆ ಅದೇ ತೆರಪು ಶ್ರುತಿಯ ಹಿಡಿತವನ್ನು ಕಸಿದುಕೊಳ್ಳುತ್ತದೆ. ರೀಡು ಮೌತ್‌ಪೀಸನ್ನು ಬಿಟ್ಟು ಬಾಗತೊಡಗುವ ಜಾಗದಿಂದ ತುದಿಯವರೆಗಿನ ಉದ್ದವನ್ನು ಫೇಸಿಂಗ್ ಎನ್ನುತ್ತಾರೆ. ಅದು ಉದ್ದವಾಗಿದ್ದರೆ ರೀಡಿನ ಹೆಚ್ಚು ಭಾಗ ಬಾಗುವುದರಿಂದ ಅದೇ ತೆರಪು ಹಗುರವೆನಿಸುತ್ತದೆ. ಇದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ ಮೆರವಣಿಗೆಯ ಸಮಸ್ಯೆಗೆ ಉತ್ತರವಿರುವುದು ಒಳಭಾಗದಲ್ಲಿ. ತುದಿಯ ಹಿಂದೆ, ರೀಡಿಗೆ ಎದುರಾಗಿ ಇರುವ ಒಳಮಾಡಿಗೆ ಬ್ಯಾಫಲ್ ಎಂದು ಹೆಸರು. ಅದರ ಹಿಂದಿನ ಪೊಳ್ಳು ಚೇಂಬರ್. ಬ್ಯಾಫಲ್ ಎತ್ತರವಾಗಿ ರೀಡಿಗೆ ಹತ್ತಿರವಾದಷ್ಟೂ ಗಾಳಿ ಇಕ್ಕಟ್ಟಿನಲ್ಲಿ ವೇಗವಾಗಿ ಹರಿದು ಸ್ವರದ ಮೇಲಿನ ಅನುರಣನಗಳು ಹೆಚ್ಚುತ್ತವೆ. ಬಯಲಿನಲ್ಲಿ ಡೋಲು, ತಾಳ, ಜನರ ಗದ್ದಲದ ನಡುವೆ ಸೀಳಿಕೊಂಡು ಹೋಗುವುದು ಈ ಅಂಶವೇ. ಅದನ್ನೇ ನಾಲ್ಕು ಗೋಡೆಯೊಳಗೆ, ಅಭಿಷೇಕದ ಹೊತ್ತಿಗೆ ಒಳಸುತ್ತಿನಲ್ಲಿ ನಿಂತು ನುಡಿಸಿದರೆ ಕಿವಿಗೆ ಚುಚ್ಚುತ್ತದೆ. ಚೇಂಬರ್ ಚಿಕ್ಕದಾದರೂ ಧ್ವನಿ ಹೊಳಪಾಗುತ್ತದೆ. ದೊಡ್ಡದಾದರೆ ದುಂಡಗೆ, ಮಾಗಿದಂತೆ ಕೇಳುತ್ತದೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಮೂಲ ವಾದ್ಯಕ್ಕೆ ಮರದ, ದೊಡ್ಡ ದುಂಡು ಚೇಂಬರಿನ ಮೌತ್‌ಪೀಸಿತ್ತು. ಕಿರಿದಾದ ಚೇಂಬರೂ ಎತ್ತರದ ಬ್ಯಾಫಲ್ಲೂ ಡ್ಯಾನ್ಸ್ ಬ್ಯಾಂಡಿನ ಗದ್ದಲದಲ್ಲಿ ಕೇಳಿಸಬೇಕಾದ ಕಾಲಕ್ಕೆ ಹುಟ್ಟಿದ ತಿದ್ದುಪಡಿಗಳು.

ಹಾಗಿದ್ದರೆ ಲೋಹ? ಮೌತ್‌ಪೀಸು ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಅದರ ಒಳಗಿನ ಆಕಾರವೇ ಧ್ವನಿಯನ್ನು ನಿರ್ಧರಿಸುತ್ತದೆ. ಲೋಹದ ಮೌತ್‌ಪೀಸುಗಳು ಹೊಳಪಾಗಿ ಕೇಳುವುದು ಅವುಗಳಲ್ಲಿ ಬಹುಪಾಲು ಎತ್ತರದ ಬ್ಯಾಫಲ್ ಇರುವುದರಿಂದ. ಅದೇ ಆಕಾರವನ್ನು ಎಬೊನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಕೊರೆದರೆ ಕೇಳುವವರಿಗೆ ಬಹಳ ವ್ಯತ್ಯಾಸ ತಿಳಿಯುವುದಿಲ್ಲ. ನಾನೂ ಒಮ್ಮೆ ಈ ಬಲೆಗೆ ಬಿದ್ದವನೇ. ಬಹಳ ವರ್ಷಗಳ ಹಿಂದೆ ಶಿರಸಿಯ ಮಾರಿಕಾಂಬಾ ಜಾತ್ರೆಯ ಜನಸಂದಣಿಯಲ್ಲಿ ನುಡಿಸಬೇಕಾಗಿ ಬಂದಾಗ, ಅಂಗಡಿಯವರೊಬ್ಬರ ಮಾತು ಕೇಳಿ ಬಂಗಾರದ ಲೇಪದ ಲೋಹದ ಮೌತ್‌ಪೀಸೊಂದನ್ನು ಕೊಂಡೆ. ಬೀದಿಯಲ್ಲಿ ಕೇಳಿಸಿದ್ದು ನಿಜ. ಮರುವಾರ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ಅದರಲ್ಲೇ ಕಲ್ಯಾಣಿ ನುಡಿಸಿದಾಗ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಕಿವಿಗೆ ಕೈ ಇಟ್ಟರು. ಅದು ಈಗಲೂ ಪೆಟ್ಟಿಗೆಯಲ್ಲಿದೆ, ಬಂಗಾರದ ಬಣ್ಣವೂ ಮಾಸಿಲ್ಲ.

ಎಬೊನೈಟ್ ಎಂದರೆ ರಬ್ಬರಿಗೆ ಹೆಚ್ಚು ಪ್ರಮಾಣದಲ್ಲಿ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು. ಹಲ್ಲಿಗೆ ಹಿತ, ನಯವಾಗಿ ಕೊರೆಯಲು ಸುಲಭ, ಚಳಿಯಲ್ಲಿ ಲೋಹದಷ್ಟು ತಣ್ಣಗಾಗುವುದಿಲ್ಲ. ಆದರೆ ಬಿಸಿಲು ಮತ್ತು ಬಿಸಿನೀರು ಅದರ ಶತ್ರುಗಳು: ಗಂಧಕ ಮೇಲೆ ಬಂದು ಕಪ್ಪು ಬಣ್ಣ ಹಸಿರು ಕಂದಾಗುತ್ತದೆ, ಬಾಯಿಗೆ ಕಹಿ ಬರುತ್ತದೆ. ತೊಳೆಯಲು ತಣ್ಣೀರು, ಬೇಕಾದರೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಸಾಕು; ಕಾರಿನ ಮುಂಭಾಗದಲ್ಲಿ ಬಿಸಿಲಿಗೆ ಬಿಟ್ಟು ಹೋಗಬೇಡಿ.

ಈಗ ನಿಮ್ಮ ಸಂದರ್ಭಕ್ಕೆ ನನ್ನ ಸಲಹೆ. ಮೊದಲ ಮೂರು ತಿಂಗಳು ಯಮಹಾ 4ಸಿಯಂಥ ಸರಳ ಪ್ಲಾಸ್ಟಿಕ್ ಮೌತ್‌ಪೀಸಿಗೆ ಎರಡೂವರೆ ನಂಬರಿನ ರೀಡು ಕಟ್ಟಿ ಅಭ್ಯಾಸ ಮಾಡಿ. ಎಬೊನೈಟಿನ ಬೆಲೆಯ ಚಿಕ್ಕ ಪಾಲಿಗೆ ಅದು ಸಿಗುತ್ತದೆ, ಒಳಗಿನ ಕೆತ್ತನೆ ನಿಖರವಾಗಿರುತ್ತದೆ; ನಿಮ್ಮಲ್ಲಿರುವ ಹೆಸರಿಲ್ಲದ ಮೌತ್‌ಪೀಸಿನಲ್ಲಿ ಇಲ್ಲದಿರುವುದು ಬಹುಶಃ ಇದೇ. ದಿನಕ್ಕೆ ಐದು ನಿಮಿಷ ಮೌತ್‌ಪೀಸನ್ನು ಒಂಟಿಯಾಗಿ ಊದಿ, ಬಿಳಿ ಆರರಿಂದ ಮೆಲ್ಲಗೆ ಕೆಳಕ್ಕೆ ಜಾರು ತೆಗೆಯಿರಿ. ಮೊದಲ ವಾರ ಒಂದು ಸ್ವರ ಇಳಿಯುವುದೂ ಕಷ್ಟ, ಮೂರು ತಿಂಗಳಲ್ಲಿ ಮೂರು ನಾಲ್ಕು ಸ್ವರ ಇಳಿಯಬಹುದು. ಕಚ್ಚುವ ದವಡೆಗೆ ಇದು ಸಾಧ್ಯವೇ ಆಗದ ಕೆಲಸ, ಆದ್ದರಿಂದ ಅಭ್ಯಾಸವೇ ಕಚ್ಚುವುದನ್ನು ಬಿಡಿಸುತ್ತದೆ. ಮೇಲ್ಹಲ್ಲು ಕೂರುವಲ್ಲಿ 0.8 ಮಿಲಿಮೀಟರಿನ ರಬ್ಬರ್ ಪ್ಯಾಚ್ ಅಂಟಿಸಿಕೊಂಡರೆ ಇನ್ನೂ ಸುಲಭ. ಆ ಮೇಲೆ, ಕಿವಿ ಮತ್ತು ತುಟಿ ಒಪ್ಪಿದರೆ, 1.7ರಿಂದ 1.8 ಮಿಲಿಮೀಟರ್ ತೆರಪಿನ ಎಬೊನೈಟಿಗೆ ಹೋಗಿ. ಸೆಲ್ಮರ್ ಎಸ್80 ಸಿ-ಸ್ಟಾರ್ ಚೌಕ ಚೇಂಬರಿನದು. ಶ್ರುತಿ ಬಿಗಿಯಾಗಿ ನಿಲ್ಲುತ್ತದೆ, ಧ್ವನಿ ಒಟ್ಟಾಗಿ ಇರುತ್ತದೆ, ಆದರೆ ಬಯಲಿಗೆ ತುಸು ಸಾಧು. ಮೇಯರ್ 5 ಮಧ್ಯಮ ಚೇಂಬರಿನದು. ಹೊಳಪೂ ಜಾರಿಗೆ ಸಡಿಲವೂ ಹೆಚ್ಚು. ದೇವಸ್ಥಾನದ ಸೇವೆ ಮತ್ತು ಮೆರವಣಿಗೆ ಎರಡನ್ನೂ ಒಂದರಲ್ಲೇ ತೂಗಿಸಬೇಕಾದ ನಿಮಗೆ ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ಅಷ್ಟಾಗಿಯೂ ರಥಬೀದಿಯಲ್ಲಿ ಡೋಲಿನ ಪಕ್ಕ ಕೇಳಿಸಬೇಕೆಂದರೆ, ಮೌತ್‌ಪೀಸ್ ಬದಲಿಸುವುದಕ್ಕಿಂತ ವಾದ್ಯದ ಬಾಯಿಗೆ ಸಿಕ್ಕಿಸುವ ಸಣ್ಣ ಮೈಕೊಂದನ್ನು ಕೊಳ್ಳಿ.

ರೀಡಿನ ನಂಬರಿಗೂ ಜಾತಿಯುಂಟು. ವ್ಯಾಂಡೋರೆನ್ನಿನ ನೀಲಿ ಪೆಟ್ಟಿಗೆಯ ಎರಡೂವರೆ, ರಿಕೋದ ಮೂರಕ್ಕೆ ಸುಮಾರಾಗಿ ಸಮ. ನೀವು ಬಳಸುವ ಮೂರು ಯಾವ ಕಂಪನಿಯದೆಂದು ಬರೆದಿಲ್ಲ. ವ್ಯಾಂಡೋರೆನ್ ಆಗಿದ್ದರೆ ತುಟಿ ನೋಯದೆ ಇದ್ದರೇ ಆಶ್ಚರ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಬೊಂಬನ್ನು ಹೋಲುವ ಹುಲ್ಲುಕಡ್ಡಿಯ ಈ ರೀಡು ಒಣಗುವುದೇ ಇಲ್ಲ, ಅಂಚು ಅಲೆಯಾಗುತ್ತದೆ, ಬೂಸು ಹಿಡಿಯುತ್ತದೆ. ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ, ಪ್ರತಿ ಸಲ ಒರೆಸಿ ಸಪಾಟಾದ ಗಾಜಿನ ಮೇಲೆ ಇಡಿ. ಮಳೆಗಾಲಕ್ಕೆಂದೇ ಒಂದು ಸಿಂಥೆಟಿಕ್ ರೀಡು ಇಟ್ಟುಕೊಂಡರೆ ತಪ್ಪಲ್ಲ. ಬೆಲೆ ಹೆಚ್ಚಾದರೂ ತೇವಕ್ಕೆ ಬಾಗುವುದಿಲ್ಲ, ತಿಂಗಳುಗಟ್ಟಲೆ ಬರುತ್ತದೆ. ರೀಡನ್ನು ಬಿಗಿದು ಕಟ್ಟುವ ಪಟ್ಟಿಯ, ಅಂದರೆ ಲಿಗೇಚರಿನ, ಬಗ್ಗೆ ಜನ ಬಹಳ ಮಾತಾಡುತ್ತಾರೆ. ರೀಡನ್ನು ಸಮನಾಗಿ ಹಿಡಿದರೆ ಸಾಕು.

ಕೊಳ್ಳಲು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ, ರೈಲಿನಲ್ಲಿ ಮಡಗಾಂವಿಗೆ ಹೋದರೂ ಆದೀತು. ಆದರೆ ಕೈಗೆ ತೆಗೆದುಕೊಂಡು ನೋಡದೆ ತರಿಸಬೇಡಿ, ಏಕೆಂದರೆ ಹೆಸರಾಂತ ಗುರುತುಗಳ ನಕಲುಗಳು ಸಾಕಷ್ಟು ಓಡಾಡುತ್ತಿವೆ. ನಿಮಗೆ ಒಗ್ಗಿದ ರೀಡನ್ನೇ ಒಯ್ಯಿರಿ. ಮೌತ್‌ಪೀಸನ್ನು ಬೆಳಕಿಗೆ ಹಿಡಿದು ಎರಡೂ ಪಕ್ಕದ ಕಂಬಿಗಳ, ಅಂದರೆ ರೀಡು ಬಡಿಯುವ ಅಂಚುಗಳ, ದಪ್ಪ ಒಂದೇ ಸಮ ಇದೆಯೇ, ತುದಿಯ ಅಂಚಿನಲ್ಲಿ ಚೂರು ಹಾರಿಲ್ಲವೇ ಎಂದು ನೋಡಿ. ರೀಡು ಒದ್ದೆ ಮಾಡಿ ಕಟ್ಟಿ, ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ ಗಾಳಿಯನ್ನು ಬಾಯಿಂದ ಎಳೆದು ಬಿಡಿ. ಒಂದೆರಡು ಕ್ಷಣ ರೀಡು ಅಂಟಿಕೊಂಡಿದ್ದು 'ಟಪ್' ಎಂದು ಬಿಟ್ಟರೆ ರೀಡು ಕೂರುವ ಮೇಜು ಸಪಾಟಾಗಿದೆ ಎಂದರ್ಥ. ಆ ಮೇಲೆ ಫೋನಿನಲ್ಲಿ ತಂಬೂರಿಯನ್ನು ಕಪ್ಪು ಐದಕ್ಕೆ ಇಟ್ಟುಕೊಳ್ಳಿ, ಏಕೆಂದರೆ ಆಲ್ಟೊದಲ್ಲಿ ನಿಮ್ಮ ಮೂರು ಬೆರಳಿನ ಷಡ್ಜ ನಿಜವಾಗಿ ನುಡಿಯುವುದು ಅಲ್ಲೇ. ಮಧ್ಯಮ ಷಡ್ಜದಿಂದ ತಾರ ಷಡ್ಜಕ್ಕೆ ತುಟಿ ಬದಲಿಸದೆ ಹೋಗಿ ಬನ್ನಿ. ಎರಡೂ ತಂಬೂರಿಯಲ್ಲಿ ಕರಗಿದರೆ ಚೇಂಬರು ನಿಮ್ಮ ವಾದ್ಯಕ್ಕೆ ಹೊಂದುತ್ತದೆ. ಒಂದು ಕರಗಿ ಇನ್ನೊಂದು ಎದ್ದು ನಿಂತರೆ ಬೇರೆ ಮೌತ್‌ಪೀಸ್ ಕೈಗೆತ್ತಿಕೊಳ್ಳಿ. ಮಂದ್ರ ಮಧ್ಯಮವನ್ನು ಪಿಸುಮಾತಿನಷ್ಟು ಮೆಲ್ಲಗೆ ಆರಂಭಿಸಿ ನೋಡುವುದನ್ನು ಮರೆಯಬೇಡಿ.

ಒಂದು ಮಾತು ಉಳಿಯಿತು. ಮೇಲ್ಹಲ್ಲು ಮೌತ್‌ಪೀಸಿನ ಮೇಲಿರುವುದರಿಂದ ಕಂಪನ ಮೂಳೆಯ ಮೂಲಕ ನೇರವಾಗಿ ನಿಮ್ಮ ಕಿವಿಗೆ ಹೋಗುತ್ತದೆ. ಹಾಗಾಗಿ ನೀವು ಕೇಳುವ ಧ್ವನಿ ಬೇರೆ, ಎದುರಿನವರು ಕೇಳುವ ಧ್ವನಿ ಬೇರೆ. ಸಾಧ್ಯವಾದರೆ ತಂದೆಯವರನ್ನು ಕರೆದುಕೊಂಡು ಹೋಗಿ. ಅಂಗಡಿಯ ಬಾಗಿಲಾಚೆ ಮೂವತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಯಾವುದು ಯಾವುದೆಂದು ತಿಳಿಸದೆ ಮೂರು ಮೌತ್‌ಪೀಸಿನಲ್ಲಿ ಒಂದೇ ತೋಡಿಯ ಆಲಾಪನೆಯನ್ನು ನುಡಿಸಿ, ಅವರು ತಲೆದೂಗಿದ್ದಕ್ಕೆ ಹಣ ಕೊಡಿ.